ವಾಹನಕ್ಕೆ ಬೆಂಕಿ ಬಿದ್ದಾಗ: ಇಂಧನದ ಅಪಾಯ, ಗಾಯಗೊಂಡವರ ಹಕ್ಕು

1987ರ ಅಕ್ಟೋಬರ್ 29, ಬೆಳಗಿನ ಜಾವ ಸುಮಾರು 3 ಗಂಟೆ. ಪುಣೆ ಕಡೆಯಿಂದ ಬೆಂಗಳೂರಿನತ್ತ ಬರುತ್ತಿದ್ದ ಪೆಟ್ರೋಲ್ ಟ್ಯಾಂಕರಿಗೂ ಎದುರಿನಿಂದ ಬಂದ ಲಾರಿಗೂ ಸತಾರಾ ಜಿಲ್ಲೆಯಲ್ಲಿ ಡಿಕ್ಕಿಯಾಯಿತು. ಟ್ಯಾಂಕರ್ ಹೆದ್ದಾರಿ ಬಿಟ್ಟು ಸುಮಾರು ಇಪ್ಪತ್ತು ಅಡಿ ಆಚೆ ಹೋಗಿ ಎಡಮಗ್ಗುಲಿಗೆ ಮಗುಚಿತು. ಆಗ ಬೆಂಕಿ ಹತ್ತಲಿಲ್ಲ. ಪೆಟ್ರೋಲ್ ಮಾತ್ರ ಸೋರುತ್ತಾ ಅಲ್ಲೇ ನಿಲ್ಲುತ್ತಾ ಹೋಯಿತು. ಬೆಳಕು ಹರಿಯಿತು, ಜನ ಸೇರಿದರು. 7.15ರ ಹೊತ್ತಿಗೆ ಟ್ಯಾಂಕರ್ ಸ್ಫೋಟಿಸಿತು. ಹತ್ತಿರ ನಿಂತಿದ್ದ ಹಲವರಿಗೆ ಸುಟ್ಟ ಗಾಯಗಳಾದವು, ಕೆಲವರು ತೀರಿಕೊಂಡರು.

ತೀರಿಕೊಂಡ ಒಬ್ಬರ ಮನೆಯವರು ಪರಿಹಾರ ಕೇಳಿದರು. ಟ್ಯಾಂಕರಿನವರು ಒಪ್ಪಲಿಲ್ಲ. ಅಪಘಾತ ಆಗಿದ್ದು 3 ಗಂಟೆಗೆ, ಮಗುಚಿ ಬಿದ್ದ ಗಾಡಿ 'ಬಳಕೆ'ಯಲ್ಲಿ ಇರಲಿಲ್ಲ, ನಾಲ್ಕು ಗಂಟೆ ಬಿಟ್ಟು ಹತ್ತಿದ ಬೆಂಕಿಗೂ ಮೋಟಾರು ವಾಹನ ಕಾಯ್ದೆಗೂ ಸಂಬಂಧವೇ ಇಲ್ಲ ಅಂದರು. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1991ರಲ್ಲಿ ಬಂದ ತೀರ್ಪು ಮನೆಯವರ ಪರವಾಗಿತ್ತು. ಓಡುತ್ತಿರುವಾಗ ಮಾತ್ರ ವಾಹನ ಬಳಕೆಯಲ್ಲಿದೆ ಅನ್ನಲಾಗದು. ಕೆಟ್ಟು ನಿಂತಾಗಲೂ, ಮಗುಚಿ ಬಿದ್ದಾಗಲೂ ಅದು ಬಳಕೆಯೇ. ಡಿಕ್ಕಿಯಿಂದ ಸೋರಿಕೆ, ಸೋರಿಕೆಯಿಂದ ಬೆಂಕಿ. ನಡುವೆ ನಾಲ್ಕು ಗಂಟೆ ಕಳೆದರೂ ಆ ಕೊಂಡಿ ಕಡಿಯುವುದಿಲ್ಲ ಎಂದು ಕೋರ್ಟ್ ಹೇಳಿತು.

ವಾಹನದ ಬೆಂಕಿಯಲ್ಲಿ ನೊಂದವರು ಮೊದಲು ತಿಳಿಯಬೇಕಾದ ತೀರ್ಪು ಇದು ಎಂದು ನನ್ನ ಅನಿಸಿಕೆ. ಬೆಂಕಿ ಅಂದ ಕೂಡಲೇ ನಮ್ಮ ಜನ 'ಹಣೆಬರಹ' ಅಂದುಬಿಡುತ್ತಾರೆ. ಹಾಗಲ್ಲ. ಬೆಂಕಿಗೆ ಒಂದು ದಾರಿ ಇರುತ್ತದೆ. ಆ ದಾರಿಯಲ್ಲಿ ಹಿಂದಕ್ಕೆ ನಡೆದರೆ ಯಾರೋ ಒಬ್ಬರ ಹೊಣೆ ಸಿಗುತ್ತದೆ.

ಸುಡುವುದು ಆವಿ

ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅಂದಮೇಲೆ ಕಲಬುರಗಿಯ ಬಿಸಿಲಿನ ಮಾತು ಹೇಳಬೇಕೇ? ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿಹೋಗದೆ ನೆಲ ಹಿಡಿದು ಹರಿಯುತ್ತದೆ, ಚರಂಡಿಗೆ, ತಗ್ಗಿಗೆ ಇಳಿದು ಕೂರುತ್ತದೆ. ಹತ್ತು ಹೆಜ್ಜೆ ಆಚೆ ಯಾರೋ ಬೀಡಿ ಹಚ್ಚಿದರೆ ಬೆಂಕಿ ಆವಿಯ ಮೇಲೆ ಓಡಿಬಂದು ಟ್ಯಾಂಕರ್ ಮುಟ್ಟಬಹುದು.

ಇನ್ನೊಂದು ಲೆಕ್ಕ ಇದೆ. ನೂರು ಪಾಲು ಗಾಳಿಯಲ್ಲಿ ಸುಮಾರು ಒಂದೂವರೆಯಿಂದ ಏಳೂವರೆ ಪಾಲು ಪೆಟ್ರೋಲ್ ಆವಿ ಇದ್ದರೆ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಮುಚ್ಚಿದ ಟ್ಯಾಂಕಿನ ಒಳಗೆ ಆವಿ ಇದಕ್ಕಿಂತ ತುಂಬಾ ಜಾಸ್ತಿ ಇರುತ್ತದೆ, ಉರಿಯಲು ಬೇಕಾದ ಗಾಳಿ ಇರುವುದಿಲ್ಲ. ಹಾಗಾಗಿ ಟ್ಯಾಂಕ್ ತನ್ನಷ್ಟಕ್ಕೆ ಸಿಡಿಯುವುದಿಲ್ಲ. 'ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಹಾಕಿಸಿದರೆ ಸಿಡಿಯುತ್ತದೆ' ಅಂತ ಪ್ರತಿ ವರ್ಷ ವಾಟ್ಸಾಪಿನಲ್ಲಿ ಓಡಾಡುತ್ತದಲ್ವಾ, ಅದು ಸುಳ್ಳು. ಇಂಡಿಯನ್ ಆಯಿಲ್ ಕಂಪನಿಯೇ ಅದನ್ನು ನಿರಾಕರಿಸಿದೆ. ಭಯ ಇರುವುದು ಒಡೆದು ಸೋರುವ ಟ್ಯಾಂಕಿನ ಬಗ್ಗೆ. ಪೆಟ್ರೋಲ್ ಹೊರಗೆ ಹೋದಂತೆ ಗಾಳಿ ಒಳಗೆ ಬರುತ್ತದೆ, ಮಿಶ್ರಣ ಉರಿಯುವ ಮಟ್ಟಕ್ಕೆ ಇಳಿಯುತ್ತದೆ. ಅದಕ್ಕೇ ಮಗುಚಿದ ಟ್ಯಾಂಕರ್ ಹೊತ್ತು ಕಳೆದಂತೆ ತಣ್ಣಗಾಯಿತು ಅಂದುಕೊಳ್ಳಬಾರದು. ಕ್ಯಾನು, ಬಕೆಟ್ ಹಿಡಿದು ಹತ್ತಿರ ಹೋಗುವುದು ಸಾವಿನ ಬಾಯಿಗೆ ಕೈ ಹಾಕಿದಂತೆ.

ಡೀಸೆಲ್ ವಿಷಯದಲ್ಲಿ ಇನ್ನೊಂದು ತಪ್ಪು ನಂಬಿಕೆ ಇದೆ. ಬಕೆಟ್ ಡೀಸೆಲಿಗೆ ಬೆಂಕಿಕಡ್ಡಿ ಎಸೆದರೆ ಆರಿಹೋಗುತ್ತದೆ, ನಿಜ. ಅದೇ ಡೀಸೆಲ್ ಬಿರುಕು ಬಿಟ್ಟ ಪೈಪಿನಿಂದ ಒತ್ತಡದಲ್ಲಿ ಸಣ್ಣ ಹನಿಗಳಾಗಿ ಚಿಮ್ಮಿ, ಕೆಂಪಗೆ ಕಾದ ಟರ್ಬೊ (ಎಂಜಿನ್ನಿಗೆ ಗಾಳಿ ತುಂಬುವ ಭಾಗ) ಮೇಲೆ ಬಿದ್ದರೆ ಹೊರಗಿನ ಕಿಡಿಯೇ ಬೇಡ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮೆಹಬೂಬನಗರ ಜಿಲ್ಲೆಯ ಪಾಲೆಂ ಹತ್ತಿರ ಮೋರಿಗೆ ತಾಗಿತು. ಡೀಸೆಲ್ ಟ್ಯಾಂಕಿಗೆ ಏಟು ಬಿತ್ತು. 45 ಜನ ಸುಟ್ಟುಹೋದರು. ಎರಡೇ ವಾರದಲ್ಲಿ, ನವೆಂಬರ್ 14ರಂದು, ಬೆಂಗಳೂರು–ಮುಂಬೈ ಬಸ್ಸೊಂದು ನಮ್ಮ ಹಾವೇರಿ ಜಿಲ್ಲೆಯಲ್ಲಿ ಹೊತ್ತಿ 7 ಜನ ತೀರಿಕೊಂಡರು. 2025ರ ಅಕ್ಟೋಬರ್ 24ರಂದು ಕರ್ನೂಲಿನ ಹತ್ತಿರ ಹೈದರಾಬಾದ್–ಬೆಂಗಳೂರು ಸ್ಲೀಪರ್ ಬಸ್ಸು ರಸ್ತೆಯಲ್ಲಿ ಬಿದ್ದಿದ್ದ ಬೈಕಿನ ಮೇಲೆ ಹರಿದು, ಅದನ್ನು ಎಳೆದುಕೊಂಡೇ ಹೋಯಿತು. ಸುಟ್ಟಿದ್ದು ಬಸ್ಸಾದರೂ ಬೆಂಕಿಯ ಮೊದಲ ತುತ್ತು ಆ ಬೈಕಿನ ಪೆಟ್ರೋಲ್. 19 ಪ್ರಯಾಣಿಕರು ಹೋದರು.

ಸಿಎನ್‌ಜಿ ದಾರಿ ಬೇರೆ. ಸಿಲಿಂಡರಿನಲ್ಲಿ ಅನಿಲ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಸೋರಿದರೆ ಮೇಲಕ್ಕೆ ಹೋಗುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದು. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಹೈಡ್ರೊ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ತಾಳುತ್ತದೆಯೇ ಎಂದು ನೋಡುವ ಪರೀಕ್ಷೆ, ಮಾಡಿಸಲೇಬೇಕು. ಎಲ್‌ಪಿಜಿ ಮಾತ್ರ ಪೆಟ್ರೋಲ್ ಆವಿಯಂತೆ ಕೆಳಗೇ ಕೂರುತ್ತದೆ. ಅಡುಗೆ ಸಿಲಿಂಡರಿನಿಂದ ಕಾರಿಗೆ ಗ್ಯಾಸ್ ತುಂಬಿಸುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ.

ಕಳೆದ ಮಳೆಗಾಲದಲ್ಲಿ ನಮ್ಮ ಹಳೇ ಕಾರಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಪೆಟ್ರೋಲ್ ವಾಸನೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಹೋಗುತ್ತಿತ್ತು, ನಾನೂ ಸುಮ್ನೆ ಬಿಟ್ಟಿದ್ದೆ. ಕೊನೆಗೆ ಮೆಕ್ಯಾನಿಕ್ ಬಾನೆಟ್ ಎತ್ತಿ ಬೆರಳುದ್ದದ ರಬ್ಬರ್ ಹೋಸ್ ಬಿಚ್ಚಿ ಕೈಗಿಟ್ಟರು. ನೇರ ಹಿಡಿದಾಗ ಏನೂ ಕಾಣಲಿಲ್ಲ. 'ಬಗ್ಗಿಸಿ ನೋಡಿ ಸಾರ್' ಅಂದರು. ಬಗ್ಗಿಸಿದ ಕೂಡಲೇ ಹೊರಮೈಯಲ್ಲಿ ಹತ್ತಾರು ಸಣ್ಣ ಬಿರುಕು ಬಾಯಿ ತೆರೆದವು. ಒಂದು ಕಡೆ ಇಲಿ ಹಲ್ಲಿನ ಗುರುತೂ ಇತ್ತು. ಅದರ ಕೆಳಗೆ ಒಂದು ಗೇಣು ದೂರದಲ್ಲಿ ಸೈಲೆನ್ಸರ್ ಪೈಪ್. ನೂರಿನ್ನೂರು ರೂಪಾಯಿಯ ಹೋಸ್ ಬದಲಿಸಿದ ಮೇಲೆ ವಾಸನೆ ನಿಂತಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಮಕ್ಕಳು ಅದೇ ಕಾರಿನಲ್ಲಿ ಶಾಲೆಗೆ ಹೋಗುತ್ತಿದ್ದರು.

ಪೆಟ್ರೋಲ್ ವಾಸನೆ ಬಂದರೆ ಗಾಡಿ ಸ್ಟಾರ್ಟ್ ಮಾಡಬೇಡಿ, ಅಷ್ಟೇ. ಹೊಗೆ ಕಂಡರೆ ಕೀಲಿ ಆಫ್ ಮಾಡಿ ಎಲ್ಲರನ್ನೂ ಇಳಿಸಿ ದೂರ ಹೋಗಿ. ಬಾನೆಟ್ ಪೂರ್ತಿ ಎತ್ತಬೇಡಿ, ಒಳಗೆ ನುಗ್ಗುವ ಗಾಳಿ ಬೆಂಕಿಗೆ ಬಲ ಕೊಡುತ್ತದೆ. ಸುಟ್ಟ ಗಾಯಕ್ಕೆ ಇಂಕು, ಟೂತ್‌ಪೇಸ್ಟ್ ಹಚ್ಚಬೇಡಿ. ಇಪ್ಪತ್ತು ನಿಮಿಷ ತಣ್ಣೀರು ಹರಿಸಿ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ.

ಯಾರು ಯಾರನ್ನು ಕೇಳಬಹುದು

ಮೊದಲು ಚಿಕಿತ್ಸೆ. 2025ರ ಮೇ ತಿಂಗಳಿಂದ ದೇಶದಾದ್ಯಂತ ನಗದುರಹಿತ ಚಿಕಿತ್ಸೆಯ ಯೋಜನೆ ಇದೆ. ರಸ್ತೆಯಲ್ಲಿ ಮೋಟಾರು ವಾಹನದ ಅಪಘಾತದಿಂದ ಗಾಯಗೊಂಡ ಯಾರಿಗೇ ಆಗಲಿ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದ ತನಕ ಒಂದೂವರೆ ಲಕ್ಷ ರೂಪಾಯಿವರೆಗೆ. ಸುಟ್ಟ ಗಾಯಕ್ಕೆ ಇದು ಸಾಲದು, ಆದರೆ ಮೊದಲ ದಿನ ಬಾಗಿಲಲ್ಲೇ ಅಡ್ವಾನ್ಸ್ ಕೇಳಿ ನಿಲ್ಲಿಸುವುದನ್ನು ತಪ್ಪಿಸುತ್ತದೆ.

ಆಮೇಲೆ ಪರಿಹಾರ. ಇದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಇದೆ. ಜನ ಅದನ್ನು 'ಎಂವಿಸಿ ಕೇಸು' ಅನ್ನುತ್ತಾರೆ. ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ನಡೆಯುತ್ತದೆ. ಅಪಘಾತ ಆದ ಊರಿಗೇ ಅಲೆಯಬೇಕಾಗಿಲ್ಲ. ಕರ್ನೂಲಿನಲ್ಲಿ ಸುಟ್ಟ ಬಸ್ಸಿನ ಪ್ರಯಾಣಿಕರು ಬಳ್ಳಾರಿಯವರಾದರೆ ಬಳ್ಳಾರಿಯಲ್ಲೇ ಅರ್ಜಿ ಹಾಕಬಹುದು.

ನೀವು ಎಲ್ಲಿದ್ದಿರಿ ಎಂಬುದರ ಮೇಲೆ ಹಕ್ಕು ಬದಲಾಗುತ್ತದೆ. ಬಸ್ಸಿನ ಪ್ರಯಾಣಿಕರಾಗಿದ್ದರೆ, ರಸ್ತೆಯಲ್ಲಿ ನಡೆಯುತ್ತಿದ್ದರೆ, ಇನ್ನೊಂದು ವಾಹನದಲ್ಲಿದ್ದರೆ ನಿಮ್ಮ ಸ್ಥಾನ ಗಟ್ಟಿ. ವಾಹನದ ಮಾಲೀಕರು ಮತ್ತು ಅವರ ಥರ್ಡ್ ಪಾರ್ಟಿ ವಿಮೆ ಕೊಡಬೇಕು. ಕರ್ನೂಲಿನಂಥ ಘಟನೆಯಲ್ಲಿ ಎರಡು ವಾಹನ ಸೇರಿಕೊಂಡಿದ್ದರೆ 'ತಪ್ಪು ನಮ್ಮದಲ್ಲ, ಅವರದ್ದು' ಅಂತ ಇಬ್ಬರೂ ಕೈ ತೋರಿಸಬಹುದು. ಅದು ಪ್ರಯಾಣಿಕರ ತಲೆನೋವಲ್ಲ. ಇಬ್ಬರ ತಪ್ಪೂ ಸೇರಿ ಹಾನಿಯಾಗಿದ್ದರೆ ಪೂರ್ತಿ ಹಣವನ್ನು ಯಾರಾದರೂ ಒಬ್ಬರಿಂದ ಪಡೆಯಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾಲು ಹಂಚಿಕೊಳ್ಳುವುದು ಅವರವರಿಗೆ ಬಿಟ್ಟಿದ್ದು.

ಯಾರ ತಪ್ಪೂ ಕಾಣದಿದ್ದರೆ? 2001ರಲ್ಲಿ ಒಂದು ಕೇಸು ಬಂತು. ಜೀಪಿನ ಟೈರ್ ಸಿಡಿದು ಗಾಡಿ ಮಗುಚಿ, ದಾರಿಹೋಕರೊಬ್ಬರು ತೀರಿಕೊಂಡಿದ್ದರು. ಚಾಲಕನ ನಿರ್ಲಕ್ಷ್ಯ ಸಾಬೀತಾಗದಿದ್ದರೂ ಮಾಲೀಕರು ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಪಾಯ ಇರುವ ವಸ್ತುವನ್ನು ರಸ್ತೆಗೆ ತಂದವರು ಹೊಣೆ ಹೊರಬೇಕು ಅನ್ನುವ ತತ್ವ ಅದು. 'ಬೆಂಕಿ ತಾನಾಗಿಯೇ ಹತ್ತಿತು' ಅನ್ನುವವರಿಗೆ ವಕೀಲರು ಈ ತೀರ್ಪನ್ನು ತೋರಿಸಬಹುದು.

ನಿಮ್ಮದೇ ಕಾರು, ನೀವೇ ಓಡಿಸುತ್ತಿದ್ದಿರಿ, ಬೇರೆ ವಾಹನ ತಾಗಲಿಲ್ಲ ಅಂದರೆ ಕಥೆ ಬೇರೆ. ಥರ್ಡ್ ಪಾರ್ಟಿ ವಿಮೆ ನಿಮಗೆ ಕೊಡುವುದಿಲ್ಲ. ಪಾಲಿಸಿಯಲ್ಲಿ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಇದೆಯಾ ನೋಡಿ, 15 ಲಕ್ಷ ರೂಪಾಯಿಯದ್ದು. ಸಾವು ಮತ್ತು ದೊಡ್ಡ ಅಂಗನಷ್ಟಕ್ಕೆ ಅದು ಬರುತ್ತದೆ. ಅಂಗೈ ಸುಟ್ಟು ಮೂರು ತಿಂಗಳು ಮನೆಯಲ್ಲಿ ಕೂತದ್ದಕ್ಕೆ ಬರುವುದಿಲ್ಲ. ಖಾಸಗಿ ಕಾರಿನಲ್ಲಿ ಜೊತೆಗೆ ಕೂತವರಿಗೂ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಷ್ಟ. ಪ್ಯಾಕೇಜ್ (ಕಾಂಪ್ರಹೆನ್ಸಿವ್) ಪಾಲಿಸಿ ಇದ್ದರೆ ಸಿಗುತ್ತದೆ. ಪಾಲಿಸಿ ತೆಗೆಯುವಾಗ ಎರಡು ಸಾವಿರ ಉಳಿಸಲು ಹೋಗುವವರು ಇದನ್ನು ಒಮ್ಮೆ ಯೋಚಿಸಬೇಕು. ಇನ್ನು ಲಾರಿ, ಟ್ಯಾಂಕರಿನ ಚಾಲಕ, ಕ್ಲೀನರ್ ಕೆಲಸದಲ್ಲಿದ್ದಾಗ ಗಾಯಗೊಂಡರೆ ಎರಡು ದಾರಿ: ನೌಕರರ ಪರಿಹಾರ ಕಾನೂನು ಅಥವಾ ಎಂವಿಸಿ. ಒಂದನ್ನು ಮಾತ್ರ ಆರಿಸಿಕೊಳ್ಳಬೇಕು.

ಇಲ್ಲಿ ಒಂದು ಕಡೆ ತುಂಬಾ ಜನ ಎಡವುತ್ತಾರೆ. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ತಪ್ಪು ಯಾರದ್ದು ಅಂತ ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಸಿಗುತ್ತದೆ. ಬೇಗ ಸಿಗುವ ದುಡ್ಡು. ಆದರೆ ಅದನ್ನು ಒಪ್ಪಿ ತೆಗೆದುಕೊಂಡರೆ ಪೂರ್ತಿ ಪರಿಹಾರ ಕೇಳುವ 166ನೇ ಸೆಕ್ಷನ್ನಿನ ದೊಡ್ಡ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಸುಟ್ಟ ಗಾಯಕ್ಕೆ ಎರಡೂವರೆ ಲಕ್ಷ ಎಷ್ಟು ದಿನ ಬರುತ್ತದೆ? ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ.

ತಯಾರಿಸಿದ ಕಂಪನಿಯ ಹೊಣೆ

1972ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಿಂತಿದ್ದ ಫೋರ್ಡ್ ಪಿಂಟೊ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿತು. ಕಾರು ಹೊತ್ತಿ ಉರಿಯಿತು. ಓಡಿಸುತ್ತಿದ್ದ ಮಹಿಳೆ ತೀರಿಕೊಂಡರು, ಜೊತೆಗಿದ್ದ 13 ವರ್ಷದ ಹುಡುಗ ಮೈಯೆಲ್ಲ ಸುಟ್ಟುಕೊಂಡು ಬದುಕಿದ. ಪಿಂಟೊದ ಪೆಟ್ರೋಲ್ ಟ್ಯಾಂಕ್ ಹಿಂದಿನ ಆಕ್ಸಲ್ಲಿಗೂ ಬಂಪರಿಗೂ ನಡುವೆ ಇತ್ತು. ಗುದ್ದಿದರೆ ಟ್ಯಾಂಕ್ ಮುಂದಕ್ಕೆ ಸರಿದು ಡಿಫರೆನ್ಷಿಯಲ್ಲಿನ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆಯ) ಬೋಲ್ಟಿಗೆ ಚುಚ್ಚಿಕೊಳ್ಳುತ್ತಿತ್ತು. ಕಂಪನಿಗೆ ತನ್ನದೇ ಪರೀಕ್ಷೆಗಳಿಂದ ಇದು ತಿಳಿದಿತ್ತು ಎಂಬುದು ಕೋರ್ಟಿನಲ್ಲಿ ಬಯಲಾಯಿತು. 1978ರಲ್ಲಿ ಜ್ಯೂರಿ (ತೀರ್ಪು ಹೇಳುವ ನಾಗರಿಕರ ತಂಡ) ಪರಿಹಾರದ ಜೊತೆಗೆ 12.5 ಕೋಟಿ ಡಾಲರ್ ದಂಡ ಹಾಕಿತು. ನ್ಯಾಯಾಧೀಶರು ದಂಡವನ್ನು 35 ಲಕ್ಷ ಡಾಲರಿಗೆ ಇಳಿಸಿದರು. ಅದೇ ವರ್ಷ ಫೋರ್ಡ್ ಸುಮಾರು 15 ಲಕ್ಷ ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಸಿತು.

ನಮ್ಮಲ್ಲಿ ಅಂಥ ಮೊತ್ತ ಬರುವುದಿಲ್ಲ. ಆದರೆ ದಾರಿ ಈಗ ತೆರೆದಿದೆ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಉತ್ಪನ್ನ ಹೊಣೆಗಾರಿಕೆ' ಎಂಬ ಬೇರೆ ಅಧ್ಯಾಯವೇ ಇದೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಎಚ್ಚರಿಕೆ ಹೇಳದಿರುವುದು, ಇವುಗಳಿಂದ ಹಾನಿಯಾದರೆ ತಯಾರಕರನ್ನು ಕೇಳಬಹುದು. ಸರಿಯಾಗಿ ಸರ್ವಿಸ್ ಮಾಡದ ಗ್ಯಾರೇಜನ್ನೂ ಕೇಳಬಹುದು. ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ವಸ್ತುವನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರ ಆಯೋಗಕ್ಕೆ ಇದೆ.

ಆದರೆ ವಸ್ತುವನ್ನು ಬದಲಾಯಿಸಿದ್ದರೆ ಕಾನೂನು ತಯಾರಕರಿಗೆ ರಕ್ಷಣೆ ಕೊಡುತ್ತದೆ. ಹೊಸ ಕಾರು ತಂದ ವಾರದಲ್ಲೇ ಡಬಲ್ ಹಾರ್ನ್, ಜಾಸ್ತಿ ವ್ಯಾಟಿನ ಹೆಡ್‌ಲೈಟ್, ಆಂಪ್ಲಿಫೈಯರ್ ಹಾಕಿಸಿ ವೈರಿಗೆ ಟೇಪ್ ಸುತ್ತಿಸುತ್ತೇವೆ. ನಾಳೆ ಬೆಂಕಿ ಬಿದ್ದರೆ ಕಂಪನಿ ಮೊದಲು ಆ ಟೇಪನ್ನೇ ತೋರಿಸುತ್ತದೆ.

ರೀಕಾಲ್ ಕೂಡ ಈಗ ಕಾನೂನಿನಲ್ಲೇ ಇದೆ, 2021ರ ಏಪ್ರಿಲ್‌ನಿಂದ. ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸಿ ಅಂತ ಸರ್ಕಾರವೇ ಕಂಪನಿಗೆ ಆದೇಶ ಕೊಡಬಹುದು. ಹಲವು ಕಂಪನಿಗಳ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿದರೆ ನಿಮ್ಮ ಗಾಡಿ ರೀಕಾಲ್ ಪಟ್ಟಿಯಲ್ಲಿದೆಯಾ ತಿಳಿಯುತ್ತದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರು ಇದನ್ನು ನೋಡಲೇಬೇಕು, ಯಾಕೆಂದರೆ ಕಂಪನಿಯ ಪತ್ರ ಹಳೇ ಮಾಲೀಕರ ಮನೆಗೆ ಹೋಗಿರುತ್ತದೆ.

ಸಾಕ್ಷಿಯೂ ಸುಡುತ್ತದೆ

ಬೆಂಕಿಯ ಕೇಸು ಗೆಲ್ಲುವುದೂ ಸೋಲುವುದೂ ಮೊದಲ ಹದಿನೈದು ದಿನದಲ್ಲಿ. ಮನೆಯವರು ಆಸ್ಪತ್ರೆಯ ಬಾಗಿಲಲ್ಲಿ ಕೂತಿರುತ್ತಾರೆ. ಅಷ್ಟರಲ್ಲಿ ಸುಟ್ಟ ಗಾಡಿ ಬಾಂಡ್ ಬರೆದುಕೊಟ್ಟು ಬಿಡುಗಡೆಯಾಗಿ, ಗುಜರಿಗೆ ಹೋಗಿರುತ್ತದೆ. ಆಮೇಲೆ ದೋಷ ಎಲ್ಲಿತ್ತು ಅಂತ ಯಾರನ್ನು ಕೇಳೋದು?

ಅದಕ್ಕೇ ನೆಂಟರಲ್ಲಿ ಒಬ್ಬರು ಪೊಲೀಸ್ ಠಾಣೆಯ ಕೆಲಸ ಹೊರಬೇಕು. ಎಫ್‌ಐಆರ್‌ನಲ್ಲಿ ಬರೀ 'ಡಿಕ್ಕಿ' ಅಂತಿದೆಯಾ, ಸೋರಿಕೆ, ಬೆಂಕಿ, ತೆರೆಯದ ಬಾಗಿಲು ಇವೂ ಇವೆಯಾ ಓದಿ. ಸ್ಥಳ ಮಹಜರಿನ ಪ್ರತಿ ತೆಗೆದುಕೊಳ್ಳಿ. ಮೋಟಾರು ವಾಹನ ಇನ್‌ಸ್ಪೆಕ್ಟರ್ ಕೊಡುವ ವರದಿಯನ್ನು ಕೋರ್ಟಿನಲ್ಲಿ ಐಎಂವಿ ರಿಪೋರ್ಟ್ ಅನ್ನುತ್ತಾರೆ, ಅದೂ ಬೇಕು. ಕಂಪನಿಯ ದೋಷದ ಅನುಮಾನ ಇದ್ದರೆ ವಿಧಿವಿಜ್ಞಾನ ಪರೀಕ್ಷೆ ಆಗುವ ತನಕ ಗಾಡಿ ಬಿಡಬೇಡಿ ಅಂತ ಠಾಣೆಗೂ ಮ್ಯಾಜಿಸ್ಟ್ರೇಟರಿಗೂ ಬರೆದು ಕೊಡಿ. ಗಾಡಿಯ ಸರ್ವಿಸ್ ಬಿಲ್ಲು, ಮೊಬೈಲಿನಲ್ಲಿ ಯಾರೋ ತೆಗೆದ ವಿಡಿಯೊ, ಎಲ್ಲವನ್ನೂ ಉಳಿಸಿಕೊಳ್ಳಿ. ಜ್ವಾಲೆ ಮೊದಲು ಯಾವ ಕಡೆಯಿಂದ ಎದ್ದಿತು ಅಂತ ತೋರಿಸುವ ಹತ್ತು ಸೆಕೆಂಡಿನ ವಿಡಿಯೊಗೆ ಬೆಲೆ ಕಟ್ಟಲಾಗದು.

'ಶಾರ್ಟ್ ಸರ್ಕ್ಯೂಟ್' ಅಂತ ಬರೆದು ಮುಗಿಸಿದರೆ ಒಪ್ಪಬೇಡಿ. ಅದು ಅರ್ಧ ಉತ್ತರ. ಯಾವ ವೈರು? ಫ್ಯೂಸ್ ಯಾಕೆ ಹೋಗಲಿಲ್ಲ? ಅದು ಕಂಪನಿಯ ವೈರಾ, ಬಸ್ಸಿನ ಬಾಡಿ ಕಟ್ಟಿದವರು ಎಳೆದದ್ದಾ? ಕಿಡಿಗೆ ಇಂಧನ ಎಲ್ಲಿಂದ ಸಿಕ್ಕಿತು? ಹೊಣೆ ಯಾರದ್ದು ಅಂತ ತೀರ್ಮಾನವಾಗುವುದು ಈ ಪ್ರಶ್ನೆಗಳಿಂದಲೇ.

ಎಷ್ಟು ಸಿಗುತ್ತದೆ

ಒಂದು ಉದಾಹರಣೆ ಮಾಡಿ ನೋಡೋಣ. 32 ವರ್ಷದ ಟೈಲರ್, ತಿಂಗಳಿಗೆ 20,000 ರೂಪಾಯಿ ದುಡಿಮೆ. ಬಸ್ಸಿನ ಬೆಂಕಿಯಲ್ಲಿ ಎರಡೂ ಕೈ ಸುಟ್ಟು ಬೆರಳುಗಳು ಮಡಚಿಕೊಂಡಿವೆ. ಡಾಕ್ಟರ್ ಬರೆಯುವ ಅಂಗವೈಕಲ್ಯ ಶೇ 25 ಇರಬಹುದು. ಆದರೆ ಕೋರ್ಟ್ ನೋಡಬೇಕಾದದ್ದು ಆ ಗಾಯದಿಂದ ಈ ವ್ಯಕ್ತಿಯ ದುಡಿಮೆ ಎಷ್ಟು ಹೋಯಿತು ಎಂಬುದನ್ನು. 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಸೂಜಿಗೆ ದಾರ ಪೋಣಿಸಲಾಗದ ಟೈಲರಿಗೆ ಶೇ 25 ಅನ್ನುವುದು ಅನ್ಯಾಯ. ಕೋರ್ಟ್ ಶೇ 40 ಅಂತ ಒಪ್ಪಿತು ಅನ್ನೋಣ. ನಲವತ್ತರೊಳಗಿನ ಸ್ವಂತ ದುಡಿಮೆಯವರಿಗೆ ಮುಂದೆ ಹೆಚ್ಚಬಹುದಾದ ಆದಾಯ ಎಂದು ಶೇ 40 ಸೇರಿಸುತ್ತಾರೆ, ತಿಂಗಳಿಗೆ 28,000 ಆಯಿತು. ವರ್ಷಕ್ಕೆ 3,36,000. ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಎಂದು ಕೋರ್ಟ್ ವಯಸ್ಸಿನ ಮೇಲೆ ಹಿಡಿಯುವ ಗುಣಕ ಈ ವಯಸ್ಸಿಗೆ 16. ಎರಡನ್ನೂ ಗುಣಿಸಿ, ಬಂದದ್ದರಲ್ಲಿ ಹೋದ ದುಡಿಮೆಯ ಶೇ 40 ಪಾಲು ಲೆಕ್ಕ ಹಾಕಿದರೆ 21,50,400 ರೂಪಾಯಿ. ಇದು ದುಡಿಮೆಯ ನಷ್ಟ ಮಾತ್ರ. ಆಸ್ಪತ್ರೆ ಖರ್ಚು, ನೋವು, ನೋಡಿಕೊಂಡವರ ಖರ್ಚು ಬೇರೆ.

ಮುಂದಿನ ಚಿಕಿತ್ಸೆ ಅಂತ ಇನ್ನೊಂದು ಬಾಬ್ತು ಇದೆ, ಸುಟ್ಟ ಗಾಯದಲ್ಲಿ ಅದೇ ದೊಡ್ಡದು. ಚರ್ಮ ವಾಸಿಯಾಗುತ್ತಾ ಬಿಗಿಯುತ್ತದೆ. ಕುತ್ತಿಗೆ ಎದೆಗೆ ಅಂಟಿಕೊಳ್ಳುತ್ತದೆ, ಮೊಣಕೈ ಬಿಡಿಸಲಾಗದು. ಮಕ್ಕಳಾದರೆ ಮೈ ಬೆಳೆದ ಹಾಗೆ ಮತ್ತೆ ಮತ್ತೆ ಆಪರೇಷನ್. ಪ್ಲಾಸ್ಟಿಕ್ ಸರ್ಜನ್ ಹತ್ತಿರ ಮುಂದಿನ ಆಪರೇಷನ್‌ಗಳ ಅಂದಾಜು ಬರೆಸಿಕೊಂಡು ಕೋರ್ಟಿಗೆ ಕೊಡಿ. ಅದು ಕೈಗೆ ಬರುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರೆ ಅವಸರ ಬೇಡ. ಲೋಕ ಅದಾಲತ್ ಒಳ್ಳೆಯ ವ್ಯವಸ್ಥೆ, ಕೇಸು ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಒಪ್ಪಿದ ಮೊತ್ತದ ಮೇಲೆ ಅಪೀಲು ಇಲ್ಲ.

ಎಂವಿಸಿ ಅರ್ಜಿಗೆ ಕಾಯ್ದೆಯಲ್ಲಿ ಆರು ತಿಂಗಳ ಗಡುವಿದೆ, 2022ರ ಏಪ್ರಿಲ್‌ನಿಂದ. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಅದನ್ನು ನೆಚ್ಚಿಕೊಂಡು ಕೂರದೆ ಆರು ತಿಂಗಳೊಳಗೇ ಹಾಕಿ. ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಸಹಾಯವಾಣಿ 15100. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಉಚಿತ. ಹೋಗುವಾಗ ಎಫ್‌ಐಆರ್ ಪ್ರತಿ, ಗಾಯದ ಸರ್ಟಿಫಿಕೇಟ್, ಡಿಸ್‌ಚಾರ್ಜ್ ಸಮ್ಮರಿ, ಆಸ್ಪತ್ರೆ ಬಿಲ್ಲು, ಆಧಾರ್ ಮತ್ತು ದುಡಿಮೆ ತೋರಿಸುವ ಯಾವುದಾದರೂ ಕಾಗದ ತೆಗೆದುಕೊಂಡು ಹೋಗಿ. ಟೈಲರಿಗಾದರೆ ಗಿರಾಕಿಗಳ ಅಳತೆ ಬರೆದಿಟ್ಟ ಹಳೇ ಪುಸ್ತಕವೂ ಆದೀತು.